ಅರ್ಧಕ್ಕೆ ಕಡಿದ ಉತ್ತರಗಳು: ಹೃದಯ ವೈಫಲ್ಯದ ರೋಗಿಯೊಬ್ಬರ ಮನೆ ಆರೈಕೆಯಲ್ಲಿ ಧ್ವನಿ ಸಹಾಯಕ

ಈ ಪ್ರಕರಣ ಗದಗ ಜಿಲ್ಲೆಯ ರೋಣ ತಾಲ್ಲೂಕಿನ ಹಳ್ಳಿಯೊಂದರಲ್ಲಿರುವ, ಅರವತ್ತು ದಾಟಿದ ರೈತ ಮಹಿಳೆಯೊಬ್ಬರದು. ಹೃದಯಾಘಾತದ ನಂತರ ಅವರ ಹೃದಯದ ಸ್ನಾಯು ದುರ್ಬಲಗೊಂಡು, ಎಡ ಹೃತ್ಕುಕ್ಷಿ ತನ್ನಲ್ಲಿ ತುಂಬಿದ ರಕ್ತದಲ್ಲಿ ಪ್ರತಿ ಬಡಿತಕ್ಕೆ ಹೊರದೂಡುವ ಪಾಲು ಶೇ 30ರ ಆಸುಪಾಸಿಗೆ ಇಳಿದಿತ್ತು. ಆರೋಗ್ಯವಂತರಲ್ಲಿ ಇದು ಸಾಮಾನ್ಯವಾಗಿ ಶೇ 55 ಅಥವಾ ಅದಕ್ಕೂ ಮೇಲಿರುತ್ತದೆ. ಹುಬ್ಬಳ್ಳಿಯ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಪಡೆದು ಮನೆಗೆ ಮರಳುವಾಗ ಅವರನ್ನು ಆ ಆಸ್ಪತ್ರೆಯ ದೂರ ಆರೈಕೆ ಕಾರ್ಯಕ್ರಮಕ್ಕೆ ಸೇರಿಸಲಾಯಿತು. ಕಾರ್ಯಕ್ರಮದ ಹೊರಗಿನ ವೈದ್ಯನಾಗಿ ದಾಖಲೆಗಳನ್ನು ಪರಿಶೀಲಿಸುವ ಕೆಲಸ ನನ್ನದಾಗಿತ್ತು. ಕುಟುಂಬದವರ ಒಪ್ಪಿಗೆ ಪಡೆದು, ಗುರುತು ಹತ್ತುವಂಥ ವಿವರಗಳನ್ನು ಬದಲಿಸಿ ಇದನ್ನು ಬರೆದಿದ್ದೇನೆ.

ಹೃದಯ ವೈಫಲ್ಯದ, ಅಂದರೆ ಹೃದಯವು ಹೀಗೆ ದುರ್ಬಲಗೊಂಡು ಸಾಕಷ್ಟು ರಕ್ತವನ್ನು ತಳ್ಳಲಾಗದ ಸ್ಥಿತಿಯ ರೋಗಿಗಳು ಆಸ್ಪತ್ರೆಯಿಂದ ಬಿಡುಗಡೆಯಾದ ಮೊದಲ ಕೆಲವು ವಾರಗಳು ಬಹಳ ಸೂಕ್ಷ್ಮವಾದವು. ಅಮೆರಿಕದ ಅಂಕಿಅಂಶದ ಪ್ರಕಾರ ಸುಮಾರು ಐವರಲ್ಲಿ ಒಬ್ಬರು ತಿಂಗಳೊಳಗೆ ಮತ್ತೆ ಆಸ್ಪತ್ರೆ ಸೇರುತ್ತಾರೆ. ದೇಹದಲ್ಲಿ ಉಪ್ಪು ಮತ್ತು ನೀರು ನಿಲ್ಲತೊಡಗಿದಾಗ ತೂಕ ಏರುತ್ತದೆ, ಪಾದಗಳು ಬಾಯುತ್ತವೆ, ಮಲಗಿದರೆ ಉಸಿರು ಕಟ್ಟಿದಂತಾಗುತ್ತದೆ. ಒಂದೇ ದಿನದಲ್ಲಿ ಒಂದು ಕಿಲೋಗಿಂತ ಹೆಚ್ಚು, ಅಥವಾ ವಾರದಲ್ಲಿ ಎರಡು ಕಿಲೋಗಿಂತ ಹೆಚ್ಚು ತೂಕ ಏರಿದರೆ ವೈದ್ಯರಿಗೆ ತಿಳಿಸಬೇಕೆಂದು ಬಿಡುಗಡೆಯ ಚೀಟಿಯಲ್ಲಿ ಬರೆದುಕೊಡುವುದು ಈ ಕಾರಣಕ್ಕೆ. ಆದರೆ ಚೀಟಿಯನ್ನು ಓದಿ, ದಿನವೂ ತೂಕ ನೋಡಿ, ಏರಿದಾಗ ಫೋನ್ ಮಾಡುವವರು ಕಡಿಮೆ. ಈ ರೋಗಿಯ ಹಳ್ಳಿಯಿಂದ ಹುಬ್ಬಳ್ಳಿಗೆ ಬರಬೇಕೆಂದರೆ ಗದಗಿನಲ್ಲಿ ಬಸ್ಸು ಬದಲಿಸಬೇಕು, ಜೊತೆಗೆ ಬರುವವರ ಒಂದು ದಿನದ ಕೆಲಸ ಹೋಗುತ್ತದೆ. ಇಂಥ ಮನೆಗೆ ದಿನವೂ ತಾನಾಗಿಯೇ ಬರುವ ಒಂದು ಫೋನ್ ಕರೆ ನಿಜಕ್ಕೂ ದೊಡ್ಡ ಅನುಕೂಲ ಎಂಬ ನಂಬಿಕೆ ನನ್ನದು, ಮುಂದೆ ಬರೆಯುವ ದೋಷಗಳ ನಂತರವೂ ಅದು ಹಾಗೆಯೇ ಇದೆ.

ವ್ಯವಸ್ಥೆ ಹೀಗಿತ್ತು. ಪ್ರತಿದಿನ ಬೆಳಿಗ್ಗೆ ಏಳರ ಸುಮಾರಿಗೆ ಮನೆಯ ಬಟನ್ ಫೋನಿಗೆ ಕರೆ ಬರುತ್ತದೆ. ಹೆಣ್ಣು ದನಿಯ ಧ್ವನಿ ಸಹಾಯಕವು ತೂಕ, ಉಸಿರು, ಕಾಲಿನ ಬಾವು, ರಾತ್ರಿಯ ನಿದ್ದೆ, ಗುಳಿಗೆ ಎಂಬ ಐದು ವಿಷಯಗಳನ್ನು ಒಂದೊಂದಾಗಿ ಕೇಳುತ್ತದೆ. ರೋಗಿಯ ಮಾತನ್ನು ಒಂದು ತಂತ್ರಾಂಶ ಅಕ್ಷರಕ್ಕಿಳಿಸುತ್ತದೆ; ಆ ಬರಹದ ಅರ್ಥವನ್ನು ಭಾಷಾ ಮಾದರಿ ಎಂಬ ಕೃತಕ ಬುದ್ಧಿಮತ್ತೆಯ ತಂತ್ರಾಂಶವೊಂದು ತಿಳಿದು ಹಸಿರು, ಹಳದಿ, ಕೆಂಪು ಎಂದು ವಿಂಗಡಿಸುತ್ತದೆ. ಹಳದಿ ಮತ್ತು ಕೆಂಪು ಹೆಸರುಗಳು ಹುಬ್ಬಳ್ಳಿಯಲ್ಲಿ ಕುಳಿತ ನರ್ಸಿನ ಪರದೆಗೆ ಬರುತ್ತವೆ. ಉತ್ತರ ಸಿಗದೆ ಮುಗಿದ ಕರೆಗಳು ಮಾತ್ರ ಬೇರೊಂದು ಪಟ್ಟಿಗೆ, ಅಂದರೆ ಫೋನ್ ಮತ್ತು ನೆಟ್‌ವರ್ಕ್ ತೊಂದರೆಗಳನ್ನು ನೋಡಿಕೊಳ್ಳುವ ತಾಂತ್ರಿಕ ಸಿಬ್ಬಂದಿಯ ಪಟ್ಟಿಗೆ ಹೋಗುತ್ತಿದ್ದವು. ಈ ಕೊನೆಯ ಏರ್ಪಾಟನ್ನು ಯಾರೂ ವೈದ್ಯಕೀಯ ನಿರ್ಧಾರವೆಂದು ಎಣಿಸಿರಲಿಲ್ಲ.

ಮೊದಲ ಎರಡು ವಾರ ಎಲ್ಲವೂ ಸರಿಯಾಗಿ ನಡೆಯಿತು. ಆಸ್ಪತ್ರೆ ಕೊಟ್ಟ ಡಿಜಿಟಲ್ ತೂಕದ ಯಂತ್ರದ ಮೇಲೆ ಅಜ್ಜಿ ನಿಂತರೆ, ಶಾಲೆಗೆ ಹೋಗುವ ಮೊಮ್ಮಗ ಅಂಕಿ ಓದಿ ಹೇಳುತ್ತಿದ್ದ. ಆ ದಿನಗಳ ಧ್ವನಿಮುದ್ರಿಕೆಯಲ್ಲಿ ರೋಗಿಯ ಮಾತು ಸರಾಗವಾಗಿದೆ: "ತೂಕಾ ಐವತ್ತೆರಡ ಐತ್ರಿ. ಕಾಲ ಬಾತಿಲ್ರಿ. ರಾತ್ರಿ ನಿದ್ದಿ ಚಲೋ ಆಗೇತ್ರಿ, ಗುಳಗಿನೂ ತಗೊಂಡೇನ್ರಿ." ಒಂದೇ ಉಸಿರಿನಲ್ಲಿ ಎರಡು ಮೂರು ವಾಕ್ಯಗಳು. ಗದುಗಿನ ಕಡೆಯ ಈ ಮಾತನ್ನು ತಂತ್ರಾಂಶ ಬಹುಮಟ್ಟಿಗೆ ಸರಿಯಾಗಿಯೇ ಬರೆದುಕೊಂಡಿತ್ತು. ನಮ್ಮ ಭಾಗದ ಆಡುಮಾತು ಯಂತ್ರಕ್ಕೆ ತಿಳಿಯುವುದಿಲ್ಲ ಎಂಬ ಆಕ್ಷೇಪ ಎಲ್ಲರ ಬಾಯಲ್ಲೂ ಮೊದಲು ಬರುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಾಣಿ ಯೋಜನೆಯಂಥ ಕೆಲಸಗಳಲ್ಲಿ ಜಿಲ್ಲೆವಾರು ಮಾತಿನ ಮಾದರಿಗಳನ್ನು ಸಂಗ್ರಹಿಸುತ್ತಿರುವುದರಿಂದ ಆ ಕೊರತೆ ಕ್ರಮೇಣ ತುಂಬಬಹುದು. ಈ ಪ್ರಕರಣದಲ್ಲಿ ತೊಂದರೆ ಬಂದದ್ದು ಬೇರೆ ಕಡೆಯಿಂದ.

ಪಂಚಮಿಗೆ ಸೊಸೆ ಮಗನನ್ನು ಕರೆದುಕೊಂಡು ತವರಿಗೆ ಹೋದರು. ಹೆಸರುಕಾಳು ರಾಶಿ ಮಾಡುವ ದಿನಗಳಾದ್ದರಿಂದ ರೋಗಿಯ ಮಗ ನಸುಕಿನಲ್ಲೇ ಹೊಲಕ್ಕೆ ಹೋಗುತ್ತಿದ್ದರು. ಅಡುಗೆ, ಕಸ, ನೀರು ಎಲ್ಲವೂ ಅಜ್ಜಿಯ ಮೇಲೆ ಬಿತ್ತು. ಪಲ್ಯ ಮಾಡುವ ಶಕ್ತಿಯಿಲ್ಲದ ಹೊತ್ತಿನಲ್ಲಿ ರೊಟ್ಟಿಗೆ ಶೇಂಗಾ ಚಟ್ನಿಪುಡಿ, ಉಪ್ಪಿನಕಾಯಿ ಹಚ್ಚಿಕೊಂಡರು. ರೊಟ್ಟಿ ಬಡಿಯಲು ಕುಳಿತೆದ್ದು ಮೊಣಕಾಲು ನೋಯತೊಡಗಿತು. ಊರಿನ ಔಷಧಿ ಅಂಗಡಿಯಿಂದ ನೋವಿನ ಗುಳಿಗೆ ತರಿಸಿ ದಿನಕ್ಕೆ ಎರಡರಂತೆ ನುಂಗಿದರು. ಅದು ಡೈಕ್ಲೋಫೆನಾಕ್ ಎಂಬುದು ನಂತರ ತಿಳಿಯಿತು. ಈ ಗುಂಪಿನ ನೋವುನಿವಾರಕಗಳು ಮೂತ್ರಪಿಂಡಕ್ಕೆ ಹರಿಯುವ ರಕ್ತವನ್ನು ಕುಗ್ಗಿಸಿ ಉಪ್ಪು, ನೀರನ್ನು ದೇಹದಲ್ಲೇ ಹಿಡಿದಿಡುತ್ತವೆ, ಫ್ಯೂರೋಸೆಮೈಡ್‌ನಂಥ ನೀರಿನ ಗುಳಿಗೆಯ, ಅಂದರೆ ಹೆಚ್ಚಿನ ನೀರನ್ನು ಮೂತ್ರವಾಗಿ ಹೊರಹಾಕುವ ಗುಳಿಗೆಯ ಶಕ್ತಿಯನ್ನು ತಗ್ಗಿಸುತ್ತವೆ. ಹೃದಯ ವೈಫಲ್ಯದ ರೋಗಿಗೆ ರಕ್ತನಾಳಗಳನ್ನು ಸಡಿಲಿಸಿ ಹೃದಯದ ಹೊರೆ ಇಳಿಸುವ ವಲ್ಸಾರ್ಟನ್ ಗುಂಪಿನ ಔಷಧಿಯೂ ನೀರಿನ ಗುಳಿಗೆಯೂ ಇರುವಾಗ ಮೂರನೆಯದಾಗಿ ಇದು ಸೇರಿದರೆ ಮೂತ್ರಪಿಂಡಕ್ಕೆ ನೇರ ಅಪಾಯ. "ಗುಳಿಗೆ ತೆಗೆದುಕೊಂಡಿರಾ?" ಎಂದು ಧ್ವನಿ ಸಹಾಯಕ ಪ್ರತಿದಿನ ಕೇಳುತ್ತಿತ್ತು, ಅವರು ಹೌದೆನ್ನುತ್ತಿದ್ದರು. ಬೇರೆ ಗುಳಿಗೆ ಏನಾದರೂ ನುಂಗಿದ್ದೀರಾ ಎಂದು ಕೇಳುವ ಪ್ರಶ್ನೆ ಪಟ್ಟಿಯಲ್ಲೇ ಇರಲಿಲ್ಲ.

ಅಂಕಿ ಓದುವ ಹುಡುಗ ಮನೆಯಲ್ಲಿಲ್ಲದ್ದರಿಂದ ತೂಕದ ಪ್ರಶ್ನೆಗೆ "ನಿನ್ನಿಯಷ್ಟs ಐತ್ರಿ" ಎಂಬ ಉತ್ತರ ಬರತೊಡಗಿತು. ಭಾಷಾ ಮಾದರಿ ಹಿಂದಿನ ದಿನದ 52 ಅನ್ನು ಹಾಗೆಯೇ ನಕಲು ಮಾಡಿತು. ಪರದೆಯ ಮೇಲಿನ ತೂಕದ ಗೆರೆ ನೆಟ್ಟಗೆ ಉಳಿಯಿತು.

ಇನ್ನು ಮುಖ್ಯವಾದ ಭಾಗ. ಎದುರಿನವರ ಮಾತು ಮುಗಿಯಿತೇ ಎಂದು ಧ್ವನಿ ಸಹಾಯಕಗಳು ತಿಳಿಯುವುದು ಹೆಚ್ಚಾಗಿ ಮೌನದಿಂದ. ಅರ್ಧ ಸೆಕೆಂಡಿನಿಂದ ಒಂದು ಸೆಕೆಂಡಿನವರೆಗೆ ದನಿ ಕೇಳದಿದ್ದರೆ ಮಾತು ಮುಗಿಯಿತೆಂದು ತೀರ್ಮಾನಿಸಿ ಮುಂದಿನ ಪ್ರಶ್ನೆಗೆ ಹೋಗುವಂತೆ ಅವನ್ನು ಸಾಮಾನ್ಯವಾಗಿ ಹೊಂದಿಸಿರುತ್ತಾರೆ. ಹೆಚ್ಚು ಕಾಯ್ದರೆ ಸಂಭಾಷಣೆ ಎಳೆದಂತಾಗಿ ಜನ ಬೇಸತ್ತು ಫೋನ್ ಇಡುತ್ತಾರೆ ಎಂಬುದು ಇದಕ್ಕೆ ಕಾರಣ. ಆರೋಗ್ಯವಂತರು ವಾಕ್ಯ ಅಥವಾ ಪದಗುಚ್ಛ ಮುಗಿದಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ. ದಮ್ಮು ಹತ್ತಿದ ರೋಗಿ ವಾಕ್ಯದ ನಡುವೆಯೇ, ಎರಡು ಮೂರು ಶಬ್ದಗಳಿಗೊಮ್ಮೆ ಉಸಿರಿಗಾಗಿ ನಿಲ್ಲುತ್ತಾರೆ. ಕಾಯಿಲೆ ಹೆಚ್ಚಿದಷ್ಟೂ ಈ ನಿಲುಗಡೆ ಉದ್ದವಾಗುತ್ತದೆ, ಮತ್ತು ನಿಲುಗಡೆ ಉದ್ದವಾದಷ್ಟೂ ಯಂತ್ರ ಬೇಗ ಬಾಯಿ ಹಾಕುತ್ತದೆ. ಹೀಗೆ ಯಾರ ಮಾತನ್ನು ಪೂರ್ತಿ ಕೇಳಿಸಿಕೊಳ್ಳಲೇಬೇಕೋ ಅವರ ಮಾತೇ ಮೊದಲು ಕಡಿದುಹೋಗುತ್ತದೆ.

ಕನ್ನಡದಲ್ಲಿ ಇದರ ಪರಿಣಾಮ ಇನ್ನೂ ಗಂಭೀರ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ, ನಿಷೇಧವೂ ಅದರ ಬೆನ್ನಿಗೇ ಬರುತ್ತದೆ. ಬಾಲ ಕತ್ತರಿಸಿದರೆ ಇಲ್ಲ ಎಂಬುದು ಹೋಗಿ ಹೌದು ಎಂಬುದು ಉಳಿಯಬಹುದು. ಮೂರು ಬೆಳಗಿನ ಧ್ವನಿಮುದ್ರಿಕೆಗಳಲ್ಲಿ ಆದದ್ದು ಅದೇ. ಕರೆಯ ಬರಹರೂಪದಲ್ಲಿ, ನಿದ್ದೆಯ ಪ್ರಶ್ನೆಗೆ "ರಾತ್ರಿ ಮಲಕೊಂಡಿದ್ದೆನ್ರಿ" ಎಂದಷ್ಟೇ ಇದೆ, ವಿಂಗಡಣೆ ಹಸಿರು. ಆದರೆ ಸಹಾಯಕ ತನ್ನ ಮುಂದಿನ ಪ್ರಶ್ನೆಯನ್ನು ಹೇಳುತ್ತಿರುವಾಗಲೂ ರೋಗಿಯ ಕಡೆಯ ದನಿ ಮುದ್ರಣಗೊಳ್ಳುತ್ತಿತ್ತು. ಧ್ವನಿಮುದ್ರಿಕೆಯನ್ನೇ ಕೇಳಿದರೆ, ಸಹಾಯಕದ ಮಾತಿನ ಅಡಿಯಲ್ಲಿ ಇದು ಕೇಳಿಸುತ್ತದೆ: "ರಾತ್ರಿ ಮಲಕೊಂಡಿದ್ದೆನ್ರಿ… ನಡುರಾತ್ರ್ಯಾಗ ದಮ್ಮ ಹತ್ತಿ… ಎದ್ದ ಕುಂತೆ… ಮತ್ತ ಮಲಗಾಕ… ಆಗ್ಲಿಲ್ರಿ." ಮಲಗಿದಾಗ ಉಸಿರು ಕಟ್ಟಿ ಎದ್ದು ಕೂರುವುದು ಹೃದಯ ವೈಫಲ್ಯ ಬಿಗಡಾಯಿಸುತ್ತಿರುವುದರ ಸ್ಪಷ್ಟ ಲಕ್ಷಣ, ಕಾಲಿನಲ್ಲಿ ನಿಂತಿದ್ದ ನೀರು ಮಲಗಿದಾಗ ರಕ್ತಕ್ಕೆ ಮರಳಿ ಶ್ವಾಸಕೋಶದಲ್ಲಿ ತುಂಬಿಕೊಳ್ಳುವುದರಿಂದ ಹಾಗಾಗುತ್ತದೆ. ರೋಗಿ ಅದನ್ನು ವೈದ್ಯಕೀಯ ಪುಸ್ತಕದಷ್ಟೇ ನಿಖರವಾಗಿ ಹೇಳಿದ್ದರು.

ಕಾಲಿನ ಬಾವಿನ ಪ್ರಶ್ನೆಗೆ ಒಂದು ದಿನ "ಕಾಲ…" ಎಂಬ ಒಂದೇ ಶಬ್ದ ದಾಖಲಾಯಿತು. ಸಹಾಯಕ ಪ್ರಶ್ನೆಯನ್ನು ಮತ್ತೆ ಕೇಳಿತು, ಮತ್ತೆ ಅರ್ಧಕ್ಕೆ ಕಡಿಯಿತು, ಕೊನೆಗೆ ಉತ್ತರ ಅಪೂರ್ಣವೆಂದು ಬರೆದು ಮುಂದೆ ಹೋಯಿತು. ಅಪೂರ್ಣ ಕರೆ ತಾಂತ್ರಿಕ ಪಟ್ಟಿಗೆ ಹೋಯಿತು. ಅಲ್ಲಿನವರು ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿ, ಆ ಊರಿನ ನೆಟ್‌ವರ್ಕ್ ಪರೀಕ್ಷಿಸಿ, ದೋಷವಿಲ್ಲವೆಂದು ಬರೆದು ಮುಚ್ಚಿದರು.

ಇನ್ನೊಂದು ಸಂಗತಿ ನನ್ನನ್ನು ಹೆಚ್ಚು ಕಾಡಿದ್ದು. ಪ್ರತಿ ಕರೆಯ ಕೊನೆಗೆ, ವಿಂಗಡಣೆ ಹಸಿರಾಗಿದ್ದರೆ ಸಹಾಯಕವು "ನಿಮ್ಮ ಆರೋಗ್ಯ ಚೆನ್ನಾಗಿದೆ, ಔಷಧಿಗಳನ್ನು ಹೀಗೆಯೇ ಮುಂದುವರಿಸಿ" ಎನ್ನುತ್ತಿತ್ತು. ಸೌಜನ್ಯಕ್ಕಾಗಿ ಸೇರಿಸಿದ ವಾಕ್ಯ ಅದು. ಮನೆಯವರು ಅದನ್ನು ಡಾಕ್ಟರ ಮಾತೆಂದು ತಿಳಿದರು. ಭಾರತದ 2020ರ ಟೆಲಿಮೆಡಿಸಿನ್ ಮಾರ್ಗಸೂಚಿಗಳು ಕೃತಕ ಬುದ್ಧಿಮತ್ತೆಯ ವೇದಿಕೆಗಳು ರೋಗಿಗೆ ಸಲಹೆ ಕೊಡುವುದನ್ನೂ ಔಷಧಿ ಬರೆಯುವುದನ್ನೂ ಸ್ಪಷ್ಟವಾಗಿ ನಿಷೇಧಿಸಿವೆ. ಅವು ನೋಂದಾಯಿತ ವೈದ್ಯರಿಗೆ ನೆರವಾಗಬಹುದು, ಕೊನೆಯ ಸಲಹೆ ವೈದ್ಯರಿಂದಲೇ ನೇರವಾಗಿ ರೋಗಿಗೆ ತಲುಪಬೇಕು. ನೀವು ಚೆನ್ನಾಗಿದ್ದೀರಿ ಎಂಬುದು ಸಲಹೆಯೇ, ಅದರಲ್ಲೂ ಅಪಾಯಕಾರಿ ಸಲಹೆ; ಏಕೆಂದರೆ ಅದನ್ನು ಕೇಳಿದ ಮನೆಯವರು ಕಣ್ಣಿಗೆ ಕಾಣುವ ಬಾವನ್ನೂ ಪಕ್ಕಕ್ಕಿಡುತ್ತಾರೆ.

ನಾಲ್ಕನೆಯ ಬೆಳಿಗ್ಗೆ ಫೋನ್ ಎತ್ತಲಿಲ್ಲ. ಅದೂ ತಾಂತ್ರಿಕ ಪಟ್ಟಿಗೇ ಹೋಗಬೇಕಿತ್ತು. ಆದರೆ ಅಂದು ಹುಬ್ಬಳ್ಳಿಯಲ್ಲಿ ಕೆಲಸದ ಮೇಲಿದ್ದ ನರ್ಸ್, ಪಟ್ಟಿಯಲ್ಲಿ ಇಲ್ಲದಿದ್ದರೂ ಈ ಹೆಸರನ್ನು ಹುಡುಕಿ ತೆಗೆದರು. ದಿನವೂ ಉತ್ತರಿಸುತ್ತಿದ್ದ ಅಜ್ಜಿ ಒಮ್ಮೆಲೇ ಅಪೂರ್ಣ, ಮರುದಿನ ಮೌನ ಎಂಬುದು ಅವರಿಗೆ ಸರಿಕಾಣಲಿಲ್ಲ. ಬರಹವನ್ನು ಬಿಟ್ಟು ಹಿಂದಿನ ದಿನಗಳ ಧ್ವನಿಯನ್ನೇ ಕೇಳಿದರು. ಮೊಬೈಲ್ ಜಾಲವು ಮಾತಿಲ್ಲದ ಹೊತ್ತಿನ ಸದ್ದನ್ನು ಕಳಿಸದೆ ಕೃತಕ ಹಿನ್ನೆಲೆ ಸದ್ದನ್ನು ತುಂಬುವುದರಿಂದಲೂ, ಗದ್ದಲ ತಗ್ಗಿಸುವ ತಂತ್ರ ಉಸಿರಿನ ಸದ್ದನ್ನೇ ಗದ್ದಲವೆಂದು ತೆಗೆದುಹಾಕುವುದರಿಂದಲೂ ಏದುಸಿರು ಅಷ್ಟಾಗಿ ಕೇಳುತ್ತಿರಲಿಲ್ಲ. ಅವರು ಹಿಡಿದದ್ದು ಶಬ್ದಗಳ ನಡುವಿನ ಅಂತರವನ್ನು, ವಾಕ್ಯದ ಕೊನೆಗೆ ದನಿ ಸೋರಿಹೋಗುವುದನ್ನು. ಕೂಡಲೇ ಹೊಲದಲ್ಲಿದ್ದ ಮಗನಿಗೆ ಫೋನ್ ಮಾಡಿದರು.

"ಮುಂಜಾನೆ ಅವ್ವನ್ನ ನೋಡೀರೇನ್ರಿ? ಉಸರಾಡಾಕ ತ್ರಾಸ ಪಡಾಕತ್ತಾರೇನು?"

"ಹೌದ್ರಿ ಸಿಸ್ಟರ್, ಎರಡ ಮೂರ ದಿನ ಆತು, ಗ್ವಾಡಿಗೆ ಆತು ಕುಂತs ಮಲಗತಾಳ. ಆದ್ರ ದಿನಾ ಫೋನಿನ್ಯಾಗ ನಿಮ್ಮ ಅಕ್ಕಾರು ಎಲ್ಲಾ ಚಲೋ ಐತಿ ಅಂತಾರಲ್ರಿ, ಅದಕ್ಕ ನಾ ಹೊಲಕ್ಕ ಬಂದೆ."

ಆಶಾ ಕಾರ್ಯಕರ್ತೆ ಮನೆಗೆ ಹೋಗಿ ಬೆರಳಿಗೆ ಆಕ್ಸಿಮೀಟರ್ ಹಾಕಿದಾಗ ಆಮ್ಲಜನಕದ ಮಟ್ಟ ಶೇ 87 ಇತ್ತು. ಆಸರೆ ಕೊಟ್ಟು ತೂಕದ ಯಂತ್ರದ ಮೇಲೆ ನಿಲ್ಲಿಸಿದರೆ 55.4 ಕಿಲೋ. 108 ಆಂಬುಲೆನ್ಸ್‌ನಲ್ಲಿ ಗದಗಿನ ಆಸ್ಪತ್ರೆಗೆ ಸೇರಿಸಲಾಯಿತು. ಎರಡೂ ಶ್ವಾಸಕೋಶಗಳ ಕೆಳಭಾಗದಲ್ಲಿ ನೀರಿನ ಸದ್ದಿತ್ತು, ಮೂತ್ರಪಿಂಡ ಸೋತಾಗ ರಕ್ತದಲ್ಲಿ ಹೆಚ್ಚುವ ಕ್ರಿಯಾಟಿನಿನ್ ಬಿಡುಗಡೆಯ ದಿನಕ್ಕಿಂತ ಏರಿತ್ತು. ಆಮ್ಲಜನಕ, ರಕ್ತನಾಳದ ಮೂಲಕ ಫ್ಯೂರೋಸೆಮೈಡ್, ನೋವಿನ ಗುಳಿಗೆಗೆ ತಡೆ, ಚಿಕಿತ್ಸೆ ಇಷ್ಟೇ. ಐದನೆಯ ದಿನ ತೂಕ 52.6ಕ್ಕೆ ಇಳಿದು, ಒಂದು ದಿಂಬಿನ ಮೇಲೆ ಮಲಗುವಂತಾಗಿ ಅವರು ಮನೆಗೆ ಮರಳಿದರು. ಮೊಣಕಾಲಿಗೆ ಪ್ಯಾರಾಸಿಟಮಾಲ್ ಮತ್ತು ಬಿಸಿ ಶಾಖ ಸಾಕೆಂದು ವೈದ್ಯರು ಮಗನನ್ನೂ ಕೂರಿಸಿಕೊಂಡು ಹೇಳಿದರು.

ಈ ಪ್ರಕರಣವನ್ನು ಯಂತ್ರದ ವಿರುದ್ಧ ಸಾಕ್ಷಿಯಾಗಿ ಬಳಸುವುದು ಸುಲಭ, ಆದರೆ ಅದು ನ್ಯಾಯವಲ್ಲ. ಕರೆಗಳಿಲ್ಲದಿದ್ದರೆ ನರ್ಸಿಗೆ ಕೇಳಲು ಧ್ವನಿಮುದ್ರಿಕೆಯೂ ಇರುತ್ತಿರಲಿಲ್ಲ. ನೋಡಬೇಕಾದದ್ದು, ಕರೆ ಮತ್ತು ಮನುಷ್ಯರ ನಡುವಿನ ಕೊಂಡಿ ಎಲ್ಲಿದೆ ಎಂಬುದನ್ನು. ದೂರ ಆರೈಕೆಯ ಎರಡು ದೊಡ್ಡ ಅಧ್ಯಯನಗಳನ್ನು ಅಕ್ಕಪಕ್ಕ ಇಟ್ಟರೆ ಇದು ಕಾಣುತ್ತದೆ. 2010ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಪ್ರಕಟವಾದ ಟೆಲಿ-ಎಚ್‌ಎಫ್ ಅಧ್ಯಯನದಲ್ಲಿ ಅಮೆರಿಕದ 1,653 ರೋಗಿಗಳಿದ್ದರು. ಅವರಲ್ಲಿ ಅರ್ಧದಷ್ಟು ಜನ ಸ್ವಯಂಚಾಲಿತ ಫೋನ್ ವ್ಯವಸ್ಥೆಗೆ ಪ್ರತಿದಿನ ಕರೆ ಮಾಡಿ ಲಕ್ಷಣ ಮತ್ತು ತೂಕ ತಿಳಿಸಬೇಕಿತ್ತು. ಆರು ತಿಂಗಳಲ್ಲಿ ಮರುದಾಖಲಾತಿಯಲ್ಲಾಗಲಿ ಸಾವಿನಲ್ಲಾಗಲಿ ವ್ಯತ್ಯಾಸ ಕಾಣಲಿಲ್ಲ. ಸುಮಾರು ಶೇ 14 ಜನ ಒಮ್ಮೆಯೂ ವ್ಯವಸ್ಥೆಯನ್ನು ಬಳಸಲಿಲ್ಲ, ಕೊನೆಯ ವಾರದ ಹೊತ್ತಿಗೆ ವಾರಕ್ಕೆ ಮೂರು ಸಲವಾದರೂ ಬಳಸುತ್ತಿದ್ದವರು ಶೇ 55 ಮಾತ್ರ. 2018ರಲ್ಲಿ ಲ್ಯಾನ್ಸೆಟ್‌ನಲ್ಲಿ ಬಂದ ಜರ್ಮನಿಯ ಟಿಮ್-ಎಚ್‌ಎಫ್2 ಅಧ್ಯಯನದಲ್ಲಿ ಮನೆಯಿಂದ ಬರುವ ತೂಕ, ರಕ್ತದೊತ್ತಡ, ಇಸಿಜಿಗಳನ್ನು ವೈದ್ಯರೂ ನರ್ಸುಗಳೂ ಹಗಲಿರುಳು ನೋಡುತ್ತಿದ್ದರು. ಅಲ್ಲಿ ಸಾವಿನ ಪ್ರಮಾಣ ಸಾಮಾನ್ಯ ಆರೈಕೆಯ ಗುಂಪಿನಲ್ಲಿ ನೂರು ರೋಗಿ-ವರ್ಷಗಳಿಗೆ, ಅಂದರೆ ನೂರು ರೋಗಿಗಳನ್ನು ಒಂದು ವರ್ಷ ಗಮನಿಸಿದಷ್ಟಕ್ಕೆ, 11.3 ಇದ್ದರೆ, ದೂರ ಆರೈಕೆಯ ಗುಂಪಿನಲ್ಲಿ 7.9 ಇತ್ತು. ಎರಡರ ಉಪಕರಣ, ರೋಗಿಗಳ ಆಯ್ಕೆ, ಕಾಲ ಬೇರೆ ಬೇರೆ ಎಂಬುದು ನಿಜ. ಆದರೂ ಮಾಹಿತಿ ಬಂದ ಕೂಡಲೇ ಅದನ್ನು ನೋಡಿ ನಿರ್ಧರಿಸುವ ತಜ್ಞರಿದ್ದುದು ದೊಡ್ಡ ವ್ಯತ್ಯಾಸ ಮಾಡಿತೆಂದೇ ನಾನು ಭಾವಿಸುತ್ತೇನೆ.

ಪರಿಶೀಲನೆಯ ನಂತರ ಆದ ಬದಲಾವಣೆಗಳಲ್ಲಿ ಮೊದಲನೆಯದು ಮತ್ತು ಅತ್ಯಂತ ಮುಖ್ಯವಾದದ್ದು ಪಟ್ಟಿಗೆ ಸಂಬಂಧಿಸಿದ್ದು: ಅಪೂರ್ಣ ಉತ್ತರವೂ ಎತ್ತದ ಫೋನೂ ಇನ್ನು ರೋಗಲಕ್ಷಣವೆಂದೇ ಎಣಿಕೆಯಾಗುತ್ತವೆ. ಅವು ನೇರವಾಗಿ ನರ್ಸಿನ ಹಳದಿ ಪಟ್ಟಿಗೆ ಬರುತ್ತವೆ, ಎರಡನೆಯ ದಿನವೂ ಹಾಗೆಯೇ ಆದರೆ ಕೆಂಪಿಗೆ. ನರ್ಸ್ ಧ್ವನಿ ಕೇಳಿ, ತಾವೇ ಫೋನ್ ಮಾಡಿ, ಅದು ನೆಟ್‌ವರ್ಕ್ ದೋಷವೆಂದು ಖಚಿತವಾದ ಮೇಲಷ್ಟೇ ತಾಂತ್ರಿಕ ಸಿಬ್ಬಂದಿಗೆ ಕಳಿಸುತ್ತಾರೆ. ಇದರಿಂದ ಅವರ ಕೆಲಸ ಹೆಚ್ಚಿತು. ನಮ್ಮ ಊರುಗಳಲ್ಲಿ ಕರೆ ಅಪೂರ್ಣವಾಗಲು ಕರೆಂಟು, ಚಾರ್ಜು, ಹಾಲು ಕರೆಯುವ ಹೊತ್ತು ಹೀಗೆ ಹತ್ತು ಕಾರಣಗಳಿರುತ್ತವೆ. ಆ ಹೆಚ್ಚಿನ ಕೆಲಸಕ್ಕೆ ಆಸ್ಪತ್ರೆ ಜನರನ್ನು ಕೊಡಬೇಕು. ಕೊಡಲಾಗದಿದ್ದರೆ ಕಾರ್ಯಕ್ರಮಕ್ಕೆ ಸೇರಿಸುವ ರೋಗಿಗಳ ಸಂಖ್ಯೆಯನ್ನೇ ಇಳಿಸಬೇಕು.

ಮೌನವನ್ನು ಕಾಯುವ ಅವಧಿಯನ್ನು ಈಗ ಉದ್ದಗೊಳಿಸಲಾಗಿದೆ, ಜೊತೆಗೆ ಮಾತು ಮುಗಿದ ಮೇಲೆ ರೋಗಿಯೇ ಒಂದು ಬಟನ್ ಒತ್ತಬಹುದು. ಸಹಾಯಕ ಮಾತಾಡುತ್ತಿರುವಾಗ ರೋಗಿಯ ದನಿ ಕೇಳಿಬಂದರೆ ಅದು ಸುಮ್ಮನಾಗಿ ಕೇಳಿಸಿಕೊಳ್ಳುತ್ತದೆ. ಕ್ರಿಯಾಪದ ಬಾರದೆ ನಿಂತ ವಾಕ್ಯಕ್ಕೆ ಭಾಷಾ ಮಾದರಿ ಅರ್ಥ ಹಚ್ಚುವಂತಿಲ್ಲ. ತೂಕವೆಂದರೆ ಅಂಕಿ ಮಾತ್ರ. "ನಿನ್ನಿಯಷ್ಟs" ಎಂಬುದು ಈಗ ತೂಕ ನೋಡಿಲ್ಲ ಎಂದೇ ದಾಖಲಾಗುತ್ತದೆ. ಅಂಗಡಿಯಿಂದ ತಂದ ನೋವಿನ ಗುಳಿಗೆಯ ಪ್ರಶ್ನೆ ಸೇರಿದೆ. ಚೆನ್ನಾಗಿದ್ದೀರಿ ಎಂಬ ವಾಕ್ಯ ಹೋಗಿದೆ, ಅದರ ಬದಲು "ನಿಮ್ಮ ಉತ್ತರಗಳನ್ನು ನರ್ಸಿಗೆ ಕಳಿಸುತ್ತೇನೆ, ದಮ್ಮು ಹತ್ತಿದರೆ, ಕಾಲು ಬಾತರೆ ನನಗಾಗಿ ಕಾಯಬೇಡಿ, ಈ ನಂಬರಿಗೆ ಫೋನ್ ಮಾಡಿ" ಎಂದಿದೆ.

ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸುತ್ತೀರಿ ಎಂದು ಫೋನಿನಲ್ಲೇ ಪರೀಕ್ಷಿಸಬಾರದೇಕೆ ಎಂಬ ಸಲಹೆಯೂ ಬಂತು. 2016ರಲ್ಲಿ ಪ್ರಸ್ತಾಪವಾದ ರಾತ್ ಸ್ಕೋರ್ ಇಂಥದ್ದೇ ಪರೀಕ್ಷೆ. ಆದರೆ ಕೋವಿಡ್ ಕಾಲದಲ್ಲಿ ಅದನ್ನು ಫೋನಿನಲ್ಲಿ ಬಳಸತೊಡಗಿದಾಗ, ಸಾಕಷ್ಟು ಆಧಾರವಿಲ್ಲದೆ ಅದನ್ನು ನಂಬಬಾರದೆಂದು ಆಕ್ಸ್‌ಫರ್ಡ್‌ನ ಪರಿಣತರು ಎಚ್ಚರಿಸಿದ್ದರು. ಎಲ್ಲರಿಗೂ ಒಂದೇ ಅಂಕಿಯನ್ನು ಗಡಿಯಾಗಿಡುವುದಕ್ಕಿಂತ ರೋಗಿಯನ್ನು ಅವರದೇ ಹಿಂದಿನ ದನಿಯೊಂದಿಗೆ ಹೋಲಿಸುವುದು ಹೆಚ್ಚು ಸಮಂಜಸ. ಹೃದಯ ವೈಫಲ್ಯದ ರೋಗಿಗಳ ದನಿಯ ಬಗ್ಗೆ ಇಸ್ರೇಲಿನಲ್ಲಿ ನಡೆದಿರುವ ಸಂಶೋಧನೆ ಹಿಡಿದಿರುವುದು ಇದೇ ದಾರಿ. ಈ ಕಾರ್ಯಕ್ರಮದಲ್ಲಿ ಸದ್ಯ ಅದನ್ನು ನರ್ಸಿನ ಕಿವಿಯೇ ಮಾಡುತ್ತಿದೆ: ಬಿಡುಗಡೆಯ ದಿನ ರೋಗಿಯಿಂದ ನಾಲ್ಕು ಮಾತು ಮುದ್ರಿಸಿಕೊಂಡು, ಅನುಮಾನ ಬಂದಾಗ ಎರಡನ್ನೂ ಒಂದರ ನಂತರ ಒಂದು ಕೇಳುತ್ತಾರೆ. ಆ ಮುದ್ರಿಕೆಗೆ ಪ್ರತ್ಯೇಕ ಒಪ್ಪಿಗೆ ಪಡೆಯಲಾಗುತ್ತದೆ, ರೋಗಿ ಕಾರ್ಯಕ್ರಮ ಬಿಟ್ಟಾಗ ಅಳಿಸಲಾಗುತ್ತದೆ.

ಬಗೆಹರಿಯದೆ ಉಳಿದಿರುವುದು ಮನೆಗೆ ಒಂದೇ ಫೋನ್ ಇರುವ ಪ್ರಶ್ನೆ. ಸೊಸೆ ತವರಿನಿಂದ ಮರಳಿದ ಮೇಲೆ ಬಹಳಷ್ಟು ಬೆಳಗಿನ ಕರೆಗಳಿಗೆ ಅವರೇ ಉತ್ತರಿಸುತ್ತಿದ್ದಾರೆ, ತೂಕದ ಅಂಕಿಯನ್ನು ಸರಿಯಾಗಿ ಹೇಳುತ್ತಾರೆ, ಅತ್ತೆಯ ಊಟದ ಬಗ್ಗೆ ಅತ್ತೆಗಿಂತ ನಿಖರವಾಗಿ ತಿಳಿಸುತ್ತಾರೆ. ಆದರೆ ಆ ಸರಾಗವಾದ ದನಿಯಿಂದ ರೋಗಿಯ ಉಸಿರಿನ ಬಗ್ಗೆ ಏನೂ ತಿಳಿಯುವುದಿಲ್ಲ. ಸೊಸೆಯ ಉತ್ತರವನ್ನು ತೂಕ ಮತ್ತು ಗುಳಿಗೆಗೆ ಮಾತ್ರ ಲೆಕ್ಕಕ್ಕೆ ಹಿಡಿದು, ಉಸಿರು ಮತ್ತು ನಿದ್ದೆಯ ಪ್ರಶ್ನೆಗಳಿಗಾಗಿ ಸಂಜೆ ಮತ್ತೊಮ್ಮೆ ಕರೆ ಮಾಡಿ ಅಜ್ಜಿಯ ಕೈಗೇ ಫೋನ್ ಕೊಡಿಸುವ ಪದ್ಧತಿ ಈಗ ನಡೆದಿದೆ.